ಮೊದಲ ಸಾಲು

ಸಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟು ಹತ್ತಿದ ಬೆರಳನ್ನು ಮಗಳ ಪ್ರಬಂಧದ ಮೊದಲ ಸಾಲಿನ ಮೇಲಿಟ್ಟಳು.

“ನೀ ಓದಿದ್ದು ಭಾಳ ಉದ್ದ ಇತ್ತು. ಇಲ್ಲಿ ನೋಡಿದ್ರ ಗಿಡ್ಡ ಐತಿ. ಖರೇ ಏನ ಬರದಿ, ಸುಮಿ?”

ಶಿಕ್ಷಣವು ಸಮಾಜದ ಸರ್ವತೋಮುಖ ಪ್ರಗತಿಯ ಅಡಿಪಾಯ ಎಂದು ಎಲ್ಲರೂ ಬರೆಯುವ ಪೀಠಿಕೆಯನ್ನೇ ಸುಮಂಗಲಾ ಬಾಯಲ್ಲಿ ಹೇಳಿದ್ದಳು. ಹಾಳೆಯ ಮೇಲಿದ್ದದ್ದು ಬೇರೆ. ಮೊದಲ ಸಾಲು ಓದಿದವನು ಕೈಯಲ್ಲಿನ ಚಹಾ ಕೆಳಗಿಡಬೇಕು ಎಂದು ವಿಜಯಪುರದ ಕಾಲೇಜಿನಲ್ಲಿ ಸರ್ ಹೇಳಿದ್ದರು. ನಾಳೆ ಅದನ್ನು ತರಗತಿಯಲ್ಲಿ ಎಲ್ಲರೆದುರು ಓದಬೇಕಿತ್ತು. ಕೇಳುವವರಲ್ಲಿ ತಮ್ಮೂರು ನಿಡೋಣಿಯ ಹುಡುಗಿಯರೂ ಇರುತ್ತಾರೆ. ಅವ್ವ ಮಹಿಳಾ ಸಂಘದಲ್ಲಿ ಸಹಿ ಮಾಡುತ್ತಾಳೆ. ಅದಕ್ಕಿಂತ ಹೆಚ್ಚು ಅವಳಿಗೆ ಅಕ್ಷರ ಬರುವುದಿಲ್ಲ ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲ.

“ಓದ್ ಬೇ. ರೊಟ್ಟಿ ಸೀಯಾಕತ್ತೇತಿ.”

ಸುಮಂಗಲಾ ತಲೆ ಎತ್ತದೆ ಓದಿದಳು: “ನನ್ನ ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಹತ್ತುವವರ ಮುಖ ನೋಡಿ ಹತ್ತುತ್ತಾಳೆ.”

ಸಾವಂತ್ರವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅಂಚು ಕಪ್ಪಾಗಿತ್ತು.

“ಬ್ಯಾಡಂದ್ರ ತಗದ ಹಾಕ್ತೀನಿ ಬೇ,” ಎಂದಳು ಸುಮಂಗಲಾ.

ಅವ್ವ ಮತ್ತೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು.

“ಮುಖ ಅಂತ ತಪ್ಪ ಬರದಿ. ನಾ ಮಾರಿ ನೋಡಂಗಿಲ್ಲ, ಚೀಲ ನೋಡ್ತೀನಿ. ನಮ್ಮೂರವರ ಚೀಲ ನನಗ ಗುರ್ತ ಅದಾವ. ಮಾರಿ ನೋಡಿದ್ರ, ಯಾವ ಬಸ್ಸ ಬೇ ಇದು ಅಂತ ನನ್ನೇ ಕೇಳ್ತಾರ. ಆಗ ನಾ ಏನ ಹೇಳ್ಲಿ? ಅಷ್ಟ ತಿದ್ದು.”