ಅಲ್ಲಾಡದ ಮುಳ್ಳು

ಪ್ರಯೋಗಕ್ಕೆಂದು ಮೂರು ವರ್ಷ ಕಾದು ಪಡೆದ ಐದು ದಿನಗಳಲ್ಲಿ ನಾಲ್ಕು ಮುಗಿದಿದ್ದವು. ಕಣ ವೇಗವರ್ಧಕದಿಂದ ಬರುವ ಪರಮಾಣುಗಳ ಕಿರಣ ಬೆರಿಲಿಯಂ ಬಿಲ್ಲೆಗೆ ಬಡಿದು ಚೂರಾಗಬೇಕು, ಆ ಚೂರುಗಳಲ್ಲಿ ಸಂಶೋಧಕಿ ಭಾಮಿನಿಗೆ ಬೇಕಾದ ವಿಕಿರಣಶೀಲ ಕಣಗಳು ಸಿಗಬೇಕು. ಒಂದೇ ಒಂದು ಕಣ ಸಿಕ್ಕಿರಲಿಲ್ಲ. ಬಿಲ್ಲೆ ಬದಲಿಸಿದ್ದಾಯಿತು, ಅಯಸ್ಕಾಂತಗಳನ್ನು ಹದಿನೇಳು ಸಲ ಹೊಂದಿಸಿದ್ದಾಯಿತು, ಬಿಲ್ಲೆ ಮಾಡಿಕೊಟ್ಟ ಮುದುಕನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದದ್ದೂ ಆಯಿತು. ಈಗ ಅವಳಿಗೆ ಬೈಯುವುದಕ್ಕೂ ತ್ರಾಣವಿರಲಿಲ್ಲ.

ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದ ಆಪರೇಟರ್ ಪೊನ್ನಪ್ಪ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಬಿಲ್ಲೆಗೆ ಬಡಿಯೋ ಕಿರಣಾನೇ ಬರ್ತಿಲ್ವೇನೋ, ಮೇಡಂ?"

"ಅದೊಂದೇ ನನಗಿರೋ ಸಮಾಧಾನ, ಪೊನ್ನಪ್ಪ. ಬಿಲ್ಲೆಗಿಂತ ಮುಂಚೆ ಕಿರಣ ಅಳೆಯೋ ಕಪ್ ಇದೆಯಲ್ಲ, ಮೊದಲನೇ ದಿನ ಬೆಳಿಗ್ಗೆ ನಾನೇ ಇಳಿಸಿದ್ದು. ಅವತ್ತಿಂದ ಇವತ್ತಿನವರೆಗೂ ಕಿರಣ ಪೂರ್ತಿ ಬರ್ತಿದೆ ಅಂತಾನೇ ತೋರಿಸ್ತಿದೆ. ನೋಡಿ, ಮೀಟರಿನ ಮುಳ್ಳು ಒಂಚೂರೂ ಅಲ್ಲಾಡಿಲ್ಲ."

ಪೊನ್ನಪ್ಪ ಮುಳ್ಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಲಾರದೆ ಮತ್ತೆ ಮುಳ್ಳನ್ನೇ ನೋಡಿದ.

"ಆ ಕಪ್ ದಾರಿಗೆ ಅಡ್ಡ ನಿಂತು ಕಿರಣಾನೆಲ್ಲ ತಾನೇ ಹಿಡ್ಕೊಂಡ್ರೆ ತಾನೇ ಮುಳ್ಳು ಏಳೋದು... ಅಳೆದಾದ್ಮೇಲೆ ಅದನ್ನ ಹೊರಗೆ ತೆಗೀಲೇ ಇಲ್ವಾ, ಮೇಡಂ?"