ತುಂಬಿ ಬಂದ ಡಬ್ಬಿ

ಪಕ್ಕದ ಮನೆಯ ಲಕ್ಕವ್ವ ಸೀದಾ ಎಸ್ತೇರಬಾಯಿಯ ಅಡುಗೆಮನೆಗೆ ಬಂದು ಗ್ಯಾಸ್ ಆರಿಸಿಬಿಟ್ಟಳು. ಕಡಾಯಿಯಲ್ಲಿದ್ದ ಕರ್ಚಿಕಾಯಿಗಳ ಸದ್ದಡಗಿತು.

“ಸಾವಾದ ಮನ್ಯಾಗ ಮೊದಲ ಹಬ್ಬಕ್ಕ ಎಣ್ಣಿ ಇಡಬಾರ್ದ್ರಿ ಅಕ್ಕಾರ. ನಾವ್ ತಂದು ಕೊಡಬೇಕು.”

“ನಮ್ಮಾಗ ಅದೆಲ್ಲಾ ಇಲ್ಲವ್ವಾ. ನಾಳಿ ಕ್ರಿಸ್‌ಮಸ್. ತೊರವಿಗೆ, ಬಬಲೇಶ್ವರಕ್ಕ ಡಬ್ಬಿ ಕಳಸೂದೈತಿ, ಚರ್ಚಿಗೆ ಹೂವಾ ಕಟ್ಟೂದೈತಿ,” ಎಂದಳು ಎಸ್ತೇರಬಾಯಿ. ಗಂಡ ತೀರಿಕೊಂಡ ಈ ಎರಡು ತಿಂಗಳಲ್ಲಿ ಅವಳು ಒಂದು ಗಳಿಗೆಯೂ ಸುಮ್ಮನೆ ಕೂತಿರಲಿಲ್ಲ. ಪ್ರಾರ್ಥನೆಗೂ ಕೂತಿರಲಿಲ್ಲ.

ಲಕ್ಕವ್ವ ಸೆರಗಿನ ಮರೆಯಿಂದ ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳದ ಮೇಲೆ ‘ಸಮುವೇಲಪ್ಪ’ ಎಂದು ಕೊರೆದಿತ್ತು. ಪ್ರತಿ ಕ್ರಿಸ್‌ಮಸ್‌ಗೆ ಅವನೇ ಲಕ್ಕವ್ವನ ಮನೆಗೆ ಒಯ್ದು ಕೊಡುತ್ತಿದ್ದ ಡಬ್ಬಿ ಅದು. ಈಗ ಅವಳ ಕೈಯ ಕರ್ಚಿಕಾಯಿ ತುಂಬಿಕೊಂಡು ಬಂದಿತ್ತು. ಗಂಡನ ಹೆಸರು ನೋಡುತ್ತಲೇ ಎಸ್ತೇರಬಾಯಿ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತಳು. ಲಕ್ಕವ್ವ ಅವಳಿಗೊಂದು ಕರ್ಚಿಕಾಯಿ ಕೊಟ್ಟು, ತಾನೂ ಒಂದು ಹಿಡಿದು, ತಿನ್ನದೆ ಕಾದಳು.

“ಪ್ರಾರ್ಥನಾ ಮಾಡ್ರಿ. ಅಣ್ಣಾರು ಮಾಡಲಾರ್ದ ಏನೂ ತಿಂತಿರಲಿಲ್ಲ.”

ಎಸ್ತೇರಬಾಯಿ ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು, ಮಾತು ಬರಲಿಲ್ಲ. ಕಣ್ಣೀರು ಮಾತ್ರ ಕೈಮೇಲಿನ ಹಿಟ್ಟಿಗೆ ಬಿತ್ತು. ಪ್ರಾರ್ಥನೆ ಮುಗಿಯಿತೆಂದುಕೊಂಡ ಲಕ್ಕವ್ವ, ಅದರಲ್ಲಿ ತನಗೆ ಗೊತ್ತಿದ್ದ ಒಂದೇ ಮಾತನ್ನು ಮೆಲ್ಲಗೆ ಹೇಳಿದಳು:

“ಆಮೆನ್.”