ಕೈ ಊರದೆ

"ಕೈ ಊರದೆ ಎದ್ದರೆ ಕೊಡ್ತೀಯ ತಾನೆ?"

"ಮೊದಲು ಎದ್ದು ತೋರಿಸಪ್ಪ," ಎಂದಳು ಮಗಳು. ಮಾತು ಗಟ್ಟಿಯಾಗಿತ್ತು, ಮುಖ ಬಿಳಿಚಿಕೊಂಡಿತ್ತು.

ಎಪ್ಪತ್ನಾಲ್ಕರ ಮುದುಕ ನಡುಮನೆಯ ಬರಿನೆಲದ ಮೇಲೆ ಕಾಲು ಮಡಚಿ ಕೂತಿದ್ದ. ಹೋದ ವರ್ಷ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಅದು ಕೂಡಿಕೊಂಡ ಮೇಲೆ ಡಾಕ್ಟರು, "ಭಾರ ಎತ್ತಿ ಯಜಮಾನ್ರೇ, ಮಾಂಸಖಂಡ ಗಟ್ಟಿಯಾದ್ರೆ ಮೂಳೆಗೂ ಬಲ ಬರುತ್ತೆ" ಎಂದಿದ್ದರು. ಅಂದಿನಿಂದ ಹಠ ಹಿಡಿದವನಂತೆ ನೀರಿನ ಕ್ಯಾನು ಎತ್ತಿ ಇಳಿಸಿದ್ದ, ಕುರ್ಚಿಯಿಂದ ಎದ್ದು ಕೂತು ಮಾಡಿದ್ದ. ಎಲ್ಲವೂ ಈ ಗಳಿಗೆಗಾಗಿ.

ಒಂದು ಪಾದ ಊರಿದ. ತೊಡೆ ಗಡಗಡ ನಡುಗಿತು.

"ಸಾಕಪ್ಪ. ಬೇರೆ ಏನಾದ್ರೂ ಕೇಳು. ಹೊಸ ಟೀವಿ ಬೇಕಾ? ಫೋನು ಬೇಕಾ?"

"ನನಗೆ ಅದೇ ಬೇಕು."

"ಆವತ್ತು ನೀನು ಒಳಗೆ ನರಳ್ತಿದ್ದೆ, ನಾವು ಹೊರಗೆ ನಿಂತು ಬಾಗಿಲು ಒಡೀತಿದ್ವಿ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಮುದುಕ ವಾಲಿದ. ಮಗಳು ತಟ್ಟನೆ ಕೈ ಚಾಚಿದಳು.

"ಮುಟ್ಟಬೇಡ!"

ಅವಳ ಕೈ ಗಾಳಿಯಲ್ಲೇ ನಿಂತಿತು. ಗೋಡೆ ಪಕ್ಕದಲ್ಲೇ ಇತ್ತು, ಅದನ್ನೂ ಅವನು ಹಿಡಿಯಲಿಲ್ಲ. ಹಲ್ಲು ಕಚ್ಚಿ, ಬೆವರು ಇಳಿಯುತ್ತಿದ್ದಂತೆ, ಇಂಚಿಂಚಾಗಿ ಮೇಲೆದ್ದು ನೆಟ್ಟಗೆ ನಿಂತ.

ಮಗಳು ಕೋಣೆಗೆ ಹೋದಳು. ಬೀರು ತೆರೆದ ಸದ್ದಾಯಿತು. ಹೊರಬಂದವಳು, ಅವನು ಬಿದ್ದ ಮಾರನೆಯ ದಿನ ಬಚ್ಚಲುಮನೆಯ ಬಾಗಿಲಿನಿಂದ ಬಿಚ್ಚಿಸಿ ಇಟ್ಟಿದ್ದ ಒಳಚಿಲಕವನ್ನು ಅಪ್ಪನ ಅಂಗೈಗೆ ಹಾಕಿದಳು.